ಬಸ್ಸಿಗೂ ಕಂಟ್ರೋಲ್ ರೂಮಿಗೂ ಒಂದೇ ಗೆರೆ

ಮಲ್ಕಾಜ್‌ಗಿರಿಯ ರೈಲು ನಿಲ್ದಾಣದ ಹಿಂದಿನ ಓಣಿಗೆ ಇನ್ನೂ ಪೂರ್ತಿ ಬೆಳಕು ಇಳಿದಿಲ್ಲ. ಮೇಲ್ಮಹಡಿಯ ಕೋಣೆಯಲ್ಲಿ ಸುಹಾಸಿನಿ ಲ್ಯಾಪ್‌ಟಾಪಿಗೆ ಮೊಬೈಲು ಒರಗಿಸಿಟ್ಟು ಕೂತಿದ್ದಾರೆ. ಎರಡರಲ್ಲೂ ಒಂದೇ ಗ್ರಾಫು. ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ರಸಾಯನ ಕುದಿಸುವ ಟ್ಯಾಂಕು ರಾತ್ರಿಯಿಡೀ ಎಷ್ಟು ಕಾಯಿತೆಂದು ಹೇಳುವ ಕೆಂಪು ಗೆರೆ. ಪಕ್ಕದ ಚಹಾ ಆರಿ ಕೆನೆಗಟ್ಟಿದೆ. ಅವರು ಕಾಯುತ್ತಿರುವುದು ಒಂದು ಫೋನಿಗೆ.

"ನಾ ಹೊಸಾದಾಗಿ ಬರದ ಲೆಕ್ಕದ ಗೆರಿ ಕಾರ್ಖಾನಿಯವರು ಇವತ್ತೇ ಮೊದಲ ಸಲ ನೋಡ್ತಾರ. ಅಲ್ಲಿ ಎರಡೂ ಗೆರಿ ಹೊಂದಲಿಲ್ಲಂದ್ರ ಇಷ್ಟು ದಿನ ಮಾಡಿದ್ದೆಲ್ಲಾ ತಗದು ಒಗೀಬೇಕು" ಎನ್ನುತ್ತಾರೆ, ಕಣ್ಣು ತೆಗೆಯದೆ.

ಸುಹಾಸಿನಿ ಬೀದರಿನವರು. ಓದಿದ್ದು ನಾರಾಯಣಗೂಡದ ಕಾಲೇಜಿನಲ್ಲಿ. ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಗ್ರಾಫಿನ ಕೆಲಸ ಅವರೊಬ್ಬರದೇ. ಕೆಲಸವೂ ಮನೆಯಿಂದಲೇ. ಮೀಟಿಂಗಿನಲ್ಲಿ ತೆಲುಗು, ಹಾಲಿನವನ ಜೊತೆ ಹಿಂದಿ. ಕನ್ನಡ ಕಿವಿಗೆ ಬೀಳುವುದು ಅಮರೇಶಪ್ಪನವರ ಫೋನಿನಲ್ಲಿ ಮಾತ್ರ.

ಅಮರೇಶಪ್ಪ ರಾಯಚೂರು ಕಡೆಯವರು, ಪಟಾನ್‌ಚೆರುವಿನ ಆ ಕಾರ್ಖಾನೆಯ ಬೆಳಗಿನ ಪಾಳಿಯ ಮುಖ್ಯಸ್ಥರು. ಪಾಳಿಯವರು ಬಸ್ಸಿನಲ್ಲೇ ಮೊಬೈಲು ತೆಗೆದು ರಾತ್ರಿಯ ಗೆರೆ ನೋಡಿಕೊಂಡು ಬರುವುದು ಅಲ್ಲಿನ ರೂಢಿ. ಇಳಿದ ಕೂಡಲೇ ಯಾವ ಕೆಲಸಕ್ಕೆ ಕೈ ಹಾಕಬೇಕೆಂಬುದು ದಾರಿಯಲ್ಲೇ ತೀರ್ಮಾನವಾಗಿರುತ್ತದೆ. ಬೇಸಿಗೆಯಲ್ಲೊಂದು ದಿನ ಹಾಗೆ ನೋಡಿ, ಎಲ್ಲ ಸರಿಯಿದೆ ಅಂದುಕೊಂಡು ಇಳಿದರು. ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ನೋಡಿದರೆ ಅದೇ ಗೆರೆ ಒಂದು ಕಡೆ ನೆಟ್ಟಗೆ ಮೇಲೆದ್ದು ಇಳಿದಿತ್ತು.

"ಅಕ್ಕಾರ, ಬಸ್ಸಿನ್ಯಾಗ ಒಂದು ಗೆರಿ, ರೂಮಿನ್ಯಾಗ ಇನ್ನೊಂದು. ಯಾವುದನ್ನ ನಂಬೂನ್ರಿ? ಟ್ಯಾಂಕಿಗೇ ಕೈ ಹಚ್ಚಿ ನೋಡ್ಲೇನ್ರಿ?" ಎಂದು ಅವತ್ತು ಫೋನಿನಲ್ಲೇ ಹರಿಹಾಯ್ದಿದ್ದರು. ಅಂದಿನಿಂದ ಯಾವ ಗೆರೆ ಸರಿ ಎಂದು ಕೇಳಲು ದಿನವೂ ಫೋನು ಮಾಡುತ್ತಿದ್ದರು.

ಡೆಸ್ಕ್‌ಟಾಪಿನ ಕೋಡು ಒಬ್ಬರು ಬರೆದದ್ದು, ಮೊಬೈಲಿನದು ಮತ್ತೊಬ್ಬರು. ಇಬ್ಬರೂ ಕಂಪನಿ ಬಿಟ್ಟು ಹೋಗಿದ್ದಾರೆ. ರಾತ್ರಿಯ ಅಷ್ಟೂ ಅಂಕಿಗಳು ಚಿಕ್ಕ ಪರದೆಗೆ ಹಿಡಿಸುವುದಿಲ್ಲವೆಂದು ಮೊಬೈಲಿನ ಕೋಡು ಅವುಗಳ ಸರಾಸರಿ ತೆಗೆಯುತ್ತಿತ್ತು. ಸ್ವಲ್ಪ ಹೊತ್ತು ಮಾತ್ರ ಏರಿ ಇಳಿದ ಕಾವು ಆ ಸರಾಸರಿಯಲ್ಲಿ ಕರಗಿಹೋಗಿತ್ತು.

ಎರಡನ್ನು ಒಂದು ಮಾಡಬೇಕು, ಸರಿ. ಯಾವುದರಲ್ಲಿ? ವೆಬ್ ಪುಟವನ್ನೇ ಎರಡೂ ಕಡೆ ಕೂರಿಸಿ ನೋಡಿದರು. ಪಾಳಿಯವರ ಹಳೇ ಫೋನುಗಳಲ್ಲಿ ಅದು ತೆರೆಯುವಷ್ಟರಲ್ಲಿ ಬಸ್ಸು ಗೇಟು ದಾಟಿರುತ್ತಿತ್ತು. ತಂಡದ ಮುಖ್ಯಸ್ಥ ಸೃಜನ್‌ಗೆ ಎಲ್ಲವನ್ನೂ ಫೋನಿಗೂ ಕಂಪ್ಯೂಟರಿಗೂ ಒಂದೇ ಪರದೆ ಕೊಡುವ ಫ್ಲಟರ್‌ನಲ್ಲಿ ಹೊಸದಾಗಿ ಕಟ್ಟುವ ಆಸೆ. ಹಾಗೆ ಮಾಡಿದರೆ ಕಂಟ್ರೋಲ್ ರೂಮಿನವರ ಕೈಗೆ ಕೂತುಹೋದ ಪರದೆಯೂ ಬದಲಾಗುತ್ತಿತ್ತು. ಸುಹಾಸಿನಿ ಆರಿಸಿದ್ದು ಎರಡೂ ಕಡೆ ಓಡುವ ಹಳೆಯ ಕೋಡಿನ ಭಾಷೆ, ಸಿ ಪ್ಲಸ್ ಪ್ಲಸ್. ಪರದೆಗಳು ತಮ್ಮ ಪಾಡಿಗೆ ತಾವಿರಲಿ. ಯಾವ ಅಂಕಿ ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕವನ್ನಷ್ಟೇ ಒಂದು ಕಡೆ ಬರೆದು ಎರಡಕ್ಕೂ ಕೊಡೋಣ ಎಂದರು.

"ಸುಹಾಸಿನಿ ಗಾರು, ಅದು ನಮ್ಮಪ್ಪನ ಕಾಲದ ಭಾಷೆ! ಹೊಂದದಿದ್ದರೆ ಫ್ಲಟರೇ ಗತಿ" ಎಂದು ಸೃಜನ್ ತೆಲುಗಿನಲ್ಲಿ ಕಾಲೆಳೆದರು.

"ಹಾಗಾದರೆ ಅಪ್ಪನನ್ನೇ ಕಳಿಸಿಕೊಡಿ, ಜೊತೆಗೊಬ್ಬರಾದರೂ ಆಗುತ್ತಾರೆ" ಎಂದರು ಇವರು. ಎಲ್ಲರೂ ನಕ್ಕರು. ಮೀಟಿಂಗು ಮುಗಿಯಿತು, ಪರದೆಯ ಮೇಲಿನ ಮುಖಗಳು ಒಂದೊಂದಾಗಿ ಆರಿಹೋದವು.

ಈಗ ಫೋನು ಬಡಿದುಕೊಳ್ಳುತ್ತದೆ.

"ಅಕ್ಕಾರ, ರೂಮಿನ್ಯಾಗ ನಿಂತೀನ್ರಿ, ಕೈಯಾಗ ಮೊಬೈಲ್ ಐತಿ. ನಸುಕಿನ್ಯಾಗ ಒಮ್ಮೆ ಕಾವು ಏರೈತಿ. ಎರಡರಾಗೂ ಹಂಗೇ ಕಾಣಾಕತ್ತೈತಿ! ಬಸ್ಸಿನ್ಯಾಗೇ ನೋಡಿ ಟ್ಯಾಂಕು ತಂಪು ಮಾಡೋ ನೀರಿನ ವಾಲ್ವು ತಪಾಸ ಮಾಡ್ರಿ ಅಂತ ನಮ್ಮ ಮಂದಿಗೆ ಹೇಳಿಬಿಟ್ಟೆ. ಭಾಳ ಚಲೋ ಆತ್ರಿ. ಇನ್ನ ದಿನಾ ಫೋನ್ ಹಚ್ಚಿ ನಿಮಗ ತ್ರಾಸ ಕೊಡಂಗಿಲ್ಲ ಬಿಡ್ರಿ."

"ತ್ರಾಸೇನಿಲ್ರಿ ಅಣ್ಣಾರ..." ಎನ್ನುವಷ್ಟರಲ್ಲಿ ಅತ್ತ ಕಡೆ ಯಾರೋ ಕೂಗುತ್ತಾರೆ, ಫೋನು ಕಟ್ಟಾಗುತ್ತದೆ.

ಸುಹಾಸಿನಿ ಮೊಬೈಲನ್ನು ಮೊದಲಿದ್ದ ಜಾಗದಲ್ಲೇ ಒರಗಿಸಿಡುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ, ಹೊಂದಿಕೊಂಡು ನಿಂತ ಎರಡು ಗೆರೆಗಳ ಪಕ್ಕದಿಂದ ಆರಿದ ಚಹಾ ಕೈಗೆತ್ತಿಕೊಳ್ಳುತ್ತಾರೆ.

"ಅಣ್ಣಾರು ಯಾವಾಗರೆ ಒಮ್ಮೆ ಫೋನ್ ಮಾಡ್ಲಿ. ಎಲ್ಲಾ ಸರಿ ಅದ ಅಂತ ಹೇಳ್ಲಿಕ್ಕೆ."