ಒಂದೇ ಗಂಟಲಲ್ಲಿ ಒಂದು ರೈಲು ಜನ

ಮೂನ್ ನದಿಯ ಮೇಲೆ ಇನ್ನೂ ಮಂಜು ಹಾಸಿಕೊಂಡಿದೆ. ಬ್ಯಾಂಕಾಕಿನಿಂದ ದೂರದ ಬಾನ್ ನೋಂಗ್ ಕುಂಗ್ ಊರಿನ ಒಲೆಗಳ ಮೇಲೆ ಅಂಟಕ್ಕಿ ಬೇಯುತ್ತಿದೆ. ಭಿಕ್ಷುಗಳು ಪಾತ್ರೆ ಹಿಡಿದು ಬೀದಿಗಿಳಿಯುವ ಮೊದಲೇ ಊರ ನಡುವಿನ ಕಂಬದ ಧ್ವನಿವರ್ಧಕ ಒಮ್ಮೆ ಗೊರ್ರೆನ್ನುತ್ತದೆ. ಆಮೇಲೆ ಸಿರಿವಂತ ವಿಧವೆಯೊಬ್ಬಳು ಮೂಗಿನಲ್ಲೇ ಗದರುತ್ತಾಳೆ: “ಯಾರ ಮನೆ ನಾಯಿ ರೀ ಅದು, ಭಿಕ್ಷುಗಳ ಕಾಲಿಗೆ ಬಾಯಿ ಹಾಕೋದು? ಕಟ್ಟಿಹಾಕಿ! ಇಲ್ಲಾಂದ್ರೆ ನನ್ನ ತುಪ್ಪಳದ ಕೋಟಿಗೆ ಅದರ ಚರ್ಮವೇ ತೇಪೆ!” ಅವಳ ಬೆನ್ನಿಗೇ ಕುಡುಕ ಡಾಕ್ಟರೊಬ್ಬ ತೊದಲುತ್ತಾನೆ: “ನಾಳೆ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆ ತಪಾಸಣೆ ಇದೆ. ಖಾಲಿ ಹೊಟ್ಟೇಲಿ ಬನ್ನಿ. ನನ್ನ ಹಾಗೆ ಬರಬೇಡಿ.”

ಊರು ನಗುತ್ತಲೇ ಎದ್ದು ಕೂರುತ್ತದೆ. ಪಂಚಾಯಿತಿ ಕೋಣೆಯ ನೆಲದ ಮೇಲೆ ಬರಿಗಾಲಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, ಮೈಕನ್ನು ತುಟಿಗಂಟಿಸಿ ಕೂತಿರುವುದು ವಿಧವೆಯೂ ಅಲ್ಲ, ಡಾಕ್ಟರೂ ಅಲ್ಲ. ಅರವತ್ತು ದಾಟಿದ ಖಮ್‌ಫಾಯ್. ಊರಿಗೆಲ್ಲ ಫಾಯಕ್ಕ. ಬೆಳಗಿನ ಪ್ರಕಟಣೆ ಅವಳ ಈಗಿನ ಕೆಲಸ. ಅವಳ ಬತ್ತಳಿಕೆಯಲ್ಲಿ ಇನ್ನೊಂದು ದನಿಯಿದೆ, ಊರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಅದನ್ನು ಇವತ್ತು ಬೆಳಿಗ್ಗೆ ಅವಳು ಹೊರತೆಗೆಯುವುದಿಲ್ಲ.

“ಚಾಲಕನನ್ನ ಸಂಜೆಗೆ ಎತ್ತಿಟ್ಟಿದೀನಿ,” ಎನ್ನುತ್ತಾಳೆ, ಮೈಕಿನ ಗುಂಡಿ ಒತ್ತಿ ಆರಿಸುತ್ತ. “ಅವನಿಗೆ ಇವತ್ತು ಕಷ್ಟ ಇದೆ. ನನಗೂ ಇದೆ.”

ಚಾಲಕನೆಂದರೆ ‘ಸುರಂಗದಲ್ಲಿ ನೀರು’ ಸಿನಿಮಾದ ರೈಲು ಚಾಲಕ. ಅದು ಹಳೆಯ ವಿದೇಶಿ ಚಿತ್ರ. ಸರೋವರದ ಅಡಿಯ ಸುರಂಗದಲ್ಲಿ ರೈಲೊಂದು ಸಿಕ್ಕಿಬೀಳುತ್ತದೆ. ಗೋಡೆ ಬಿರಿದು ನೀರು ನುಗ್ಗುತ್ತದೆ. ಒಳಗಿರುವುದು ತುಪ್ಪಳದ ಕೋಟಿನ ವಿಧವೆ, ಅವಳ ಕಂಕುಳಲ್ಲಿ ನಾಯಿಮರಿ, ಒಂದೇ ಬೇಡಿಯಲ್ಲಿ ಬಿಗಿದ ಕಳ್ಳ ಮತ್ತು ಪೊಲೀಸ್, ಕುಡುಕ ಡಾಕ್ಟರು, ಹೊಸ ಮದುಮಗಳು, ಜೊತೆಗೆ ಆ ಚಾಲಕ. ಕೊನೆಗೆ ಚಾಲಕ ತಾನೊಬ್ಬನೇ ಹಿಂದೆ ಉಳಿದು, ನೀರು ತಡೆಯುವ ಕಬ್ಬಿಣದ ಬಾಗಿಲಿನ ಚಕ್ರ ತಿರುಗಿಸುತ್ತಾನೆ. ಮಿಕ್ಕವರು ಬದುಕುತ್ತಾರೆ, ಅವನು ಮುಳುಗುತ್ತಾನೆ. ಆ ಕಾಲದ ದೊಡ್ಡ ದೊಡ್ಡ ನಟರೆಲ್ಲ ಅದರಲ್ಲಿದ್ದರಂತೆ. ಇಲ್ಲಿ ಅವರ ಹೆಸರು ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ನೋಂಗ್ ಕುಂಗಿನವರ ಪಾಲಿಗೆ ನಾಯಿಮರಿಯೂ ಸೇರಿ ಏಳೂ ಜನ ಫಾಯಕ್ಕನೇ.

ನಮ್ಮ ಕಡೆ ಸಿನಿಮಾ ಮಾತಾಡುತ್ತಿದ್ದದ್ದು ಹಾಗೆಯೇ. ಬಯಲಲ್ಲಿ ಬಿಳಿ ಪರದೆ ಕಟ್ಟುವುದು, ಪ್ರೊಜೆಕ್ಟರಿನ ಪಕ್ಕದಲ್ಲೇ ಮೈಕು ಹಿಡಿದು ಒಬ್ಬರು ಕೂರುವುದು, ಪರದೆಯ ಮೇಲಿನ ಅಷ್ಟೂ ಬಾಯಿಗಳಿಗೆ ಅಲ್ಲೇ, ಆಗಲೇ, ನಮ್ಮ ಮಾತು ತುಂಬುವುದು. ಖಮ್‌ಫಾಯ್ ಹದಿಹರೆಯದಲ್ಲಿ ಔಷಧಿ ಮಾರುವ ಲಾರಿಯೊಂದಕ್ಕೆ ಅಡುಗೆಯವಳಾಗಿ ಸೇರಿದಳು. ಲಾರಿಯವರು ಊರೂರಿಗೆ ಹೋಗಿ ಪುಕ್ಕಟೆ ಸಿನಿಮಾ ತೋರಿಸುತ್ತಿದ್ದರು. ಕಥೆ ಕುತ್ತಿಗೆಗೆ ಬಂದ ಹೊತ್ತಿಗೆ ನಿಲ್ಲಿಸಿ, ದೀಪ ಹಾಕಿ, ಜಂತುಹುಳುವಿನ ಮಾತ್ರೆ ಮತ್ತು ನೋವಿನ ಮುಲಾಮು ಮಾರುತ್ತಿದ್ದರು. ಒಂದು ಸಂಜೆ ದನಿ ಕೊಡುವ ಗುರು ವಿಚಾನರ ಗಂಟಲು ಮದುಮಗಳ ಅಳುವಿನ ನಡುವೆಯೇ ಕೈಕೊಟ್ಟಿತು. ಪಾತ್ರೆ ತೊಳೆಯುತ್ತಿದ್ದ ಹುಡುಗಿ ಒದ್ದೆ ಕೈಯಲ್ಲೇ ಮೈಕು ಎತ್ತಿಕೊಂಡಳು.

“ಅಳು ಅಂದ್ರು, ಅತ್ತುಬಿಟ್ಟೆ. ಅಳೋಕೆ ಯಾರು ಕಲಿಸ್ಬೇಕು?” ಎಂದು ನಗುತ್ತಾಳೆ. “ವಿಧವೆ ದನಿ ನಮ್ಮ ಶಾಲೆ ಮೇಡಂದು. ಕಳ್ಳ, ಪೊಲೀಸು ಇಬ್ಬರೂ ಒಂದೇ ಬಾಯಿ. ವೀಳ್ಯ ಎಡಗೆನ್ನೇಲಿ ಇಟ್ಟರೆ ಕಳ್ಳ, ಬಲಗೆನ್ನೇಲಿ ಇಟ್ಟರೆ ಪೊಲೀಸು. ಡಾಕ್ಟರಂತೂ ನಮಗೆ ಅನ್ನ ಹಾಕಿದ ಪುಣ್ಯಾತ್ಮ. ಸುರಂಗದಲ್ಲಿ ಕುತ್ತಿಗೆವರೆಗೆ ನೀರು ಬಂದ್ರೂ ಬಿಡದೆ, ‘ಅಮ್ಮಂದಿರಾ, ಮಂಡಿನೋವಿಗೆ ಹಳದಿ ಡಬ್ಬಿ ಮುಲಾಮು ತಗೊಳ್ಳಿ’ ಅಂತಿದ್ದ.”

ಚಾಲಕನ ದನಿ ಎಲ್ಲಿಂದ ಬಂತು ಎಂದು ಕೇಳಿದರೆ ಅವಳು ತಕ್ಷಣ ಹೇಳುವುದಿಲ್ಲ. ಮೊದಮೊದಲು ಅವನಿಗೆ ದನಿಯೇ ಕೂಡಿರಲಿಲ್ಲವಂತೆ. ಒಮ್ಮೆ ಇದೇ ಊರಿನ ಕಡವಿನಲ್ಲಿ ದಾಟಿಸುವ ದೋಣಿಯವನು, “ಹುಷಾರಮ್ಮ, ನಡುವೆ ಕೂತ್ಕೋ. ನದಿ ನಂಗೆ ಬಿಡು,” ಎಂದದ್ದು ಕಿವಿಯಲ್ಲಿ ಉಳಿದುಬಿಟ್ಟಿತು. ಆ ನಿಧಾನ, ಎದೆಯಿಂದ ಏಳುವ ಆ ಗೊಗ್ಗರು ದನಿ ರೈಲು ಚಾಲಕನಿಗೆ ಹೇಳಿ ಮಾಡಿಸಿದಂತಿತ್ತು. ದೋಣಿಯವನ ಹೆಂಡತಿ ಕೇನ್ ಮೊದಲ ಸಲ ಅದನ್ನು ಕೇಳಿ, “ನನ್ನ ಗಂಡನ್ನ ರೈಲು ಹತ್ತಿಸಿದ್ಯಲ್ಲೇ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮುಂದೊಂದು ಮಳೆಗಾಲದಲ್ಲಿ ಮೂನ್ ಉಕ್ಕಿತು. ದೋಣಿ ಸಿಕ್ಕಿತು, ದೋಣಿಯವನು ಸಿಗಲಿಲ್ಲ.

ಅದಾದ ಮೇಲೆ ಲಾರಿ ಮತ್ತೆ ನೋಂಗ್ ಕುಂಗಿಗೆ ಬಂದಾಗ ಆದದ್ದನ್ನು ಈಗಲೂ ಊರು ಬಾಯಿ ಚಪ್ಪರಿಸಿಕೊಂಡು ಹೇಳುತ್ತದೆ. ಅಂದು ಒಂದೇ ಪ್ರತಿಯಲ್ಲಿ ಎರಡು ಊರಿಗೆ ಸಿನಿಮಾ. ಆಚೆ ಊರಲ್ಲಿ ಮುಗಿದ ರೀಲನ್ನು ಮೋಟಾರ್ ಬೈಕಿನವನು ಈಚೆ ತರಬೇಕು. ಅವನು ಗದ್ದೆ ಬದುವಿನಲ್ಲಿ ಜಾರಿಬಿದ್ದ. ಕೆಸರು ಬಳಿದ ಡಬ್ಬಿಗಳ ಅಂಕಿ ಕಾಣದೆ ಪ್ರೊಜೆಕ್ಟರಿನ ಪ್ರದಿತ್ ಕೈಗೆ ಸಿಕ್ಕಿದ್ದನ್ನು ಏರಿಸಿದ. ಚಾಲಕ ಮುಳುಗಿದ. ಹೆಂಗಸರು ಕಣ್ಣೊರೆಸಿಕೊಂಡರು. ಮುಂದಿನ ರೀಲು ಶುರುವಾದರೆ ಅದೇ ಚಾಲಕ ತೊಯ್ದ ಅಂಗಿಯಲ್ಲಿ ಸುರಂಗದೊಳಗೆ ನಡೆದು ಬರುತ್ತಿದ್ದಾನೆ! ಬಯಲಿಗೆ ಬಯಲೇ ಎದ್ದು ನಿಂತಿತು.

“ನಂಗೆ ಆಗಲೇ ಗೊತ್ತಾಯ್ತು,” ಎನ್ನುತ್ತಾಳೆ ಫಾಯಕ್ಕ. “ರೀಲು ತಪ್ಪಿದೆ ಅಂದ್ರೆ ಜನ ಕಲ್ಲು ಹೊಡೀತಾರೆ. ಬಾಯಿಗೆ ಬಂದದ್ದು ಬಿಟ್ಟೆ: ‘ಏನ್ರೋ, ದೆವ್ವ ಕಂಡ ಹಾಗೆ ನೋಡ್ತೀರಿ? ಪೈಪು ಹಿಡ್ಕೊಂಡು ಈಚೆ ಬಂದೆ. ಬೀಸೋ ದೊಣ್ಣೆ ತಪ್ಪಿಸಿಕೊಂಡ್ರೆ ಸಾವಿರ ವರ್ಷ ಆಯಸ್ಸು!’ ಅಯ್ಯಪ್ಪ, ಆ ಕೂಗು! ಕೊನೇ ರೀಲಿನಲ್ಲಿ ಅವನು ಕಾಣಲ್ಲವಲ್ಲ, ವಿಧವೆ ಬಾಯಲ್ಲಿ ‘ಅವನು ಸ್ನಾನಕ್ಕೆ ಹೋಗಿದಾನೆ’ ಅನ್ನಿಸಿಬಿಟ್ಟೆ.”

ಆಟ ಮುಗಿದ ಮೇಲೆ ಕೇನ್ ಲಾರಿಯ ಬಳಿ ಬಂದಳು. ಕೈಯಲ್ಲಿ ಅಂಟಕ್ಕಿ ಅನ್ನದ ಬಿದಿರು ಬುಟ್ಟಿ. “ಇದು ನಿಂಗಲ್ಲ, ಅವನಿಗೆ. ನೆನೆದು ಬಂದಿದಾನೆ, ಹಸಿದಿರ್ತಾನೆ,” ಎಂದಳು. ಖಮ್‌ಫಾಯ್ ಏನೋ ಸಮಾಧಾನ ಹೇಳಲು ಹೋದಾಗ ಕೇನ್ ಗದರಿಕೊಂಡಳು: “ನಂಗೇನು ಹುಚ್ಚಾ? ಅದು ಸಿನಿಮಾ ಅಂತ ಗೊತ್ತು. ಆದ್ರೂ ಒಬ್ಬನಾದ್ರೂ ನೀರಿಂದ ಈಚೆ ಬರಲಿ ಬಿಡೇ.” ಈ ಊರಲ್ಲಿ ಚಾಲಕನನ್ನು ಎಂದೂ ಸಾಯಿಸುವುದಿಲ್ಲ ಎಂದು ಖಮ್‌ಫಾಯ್ ಅವತ್ತೇ ಮಾತು ಕೊಟ್ಟಳು. ಅಂದಿನಿಂದ ನೋಂಗ್ ಕುಂಗಿಗೆ ಬಂದಾಗಲೆಲ್ಲ ಪ್ರದಿತ್ ಬೇಕೆಂದೇ ರೀಲು ಅದಲುಬದಲು ಮಾಡಿದ.

ಆಮೇಲೆ ಮನೆಮನೆಗೆ ಟಿವಿ ಬಂತು, ಸಿಡಿ ಬಂತು, ಲಾರಿ ಗುಜರಿಗೆ ಹೋಯಿತು. ಖಮ್‌ಫಾಯ್ ಸಂತೆಯಲ್ಲಿ ಹುಳಿಸಿದ ಮೀನು ಮಾರಿದಳು, ಐಸ್‌ಕ್ರೀಮ್ ಗಾಡಿಗೆ ಕೂಗಿದಳು. ಗಂಟಲಲ್ಲಿ ಗಂಟು ಎದ್ದು ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ಪಿಸುಮಾತೂ ಆಡಬಾರದೆಂದರು. ಮಾತೇ ಬದುಕಾದವಳಿಗೆ ಅದು ಜೈಲು. ದನಿ ಮರಳಿದಾಗ ಏಳರಲ್ಲಿ ಒಂದು ಕಡಿಮೆಯಿತ್ತು.

“ಮದುಮಗಳು ಓಡಿಹೋದಳು. ಆ ಎಳೇ ದನಿ ಬರೋದೇ ಇಲ್ಲ ಈಗ. ಹೋಗ್ಲಿ, ನೀರಲ್ಲಿ ಅಷ್ಟು ಹೊತ್ತು ನಿಂತಿದಾಳೆ, ಶೀತ ಆಗಿದೆ ಅಂತ ಹೇಳಿದ್ರಾಯ್ತು,” ಎನ್ನುವಾಗ ಅವಳ ಮುಖದಲ್ಲಿ ಅಳುಕಿನ ಗೆರೆಯೂ ಇಲ್ಲ.

ಈ ಮಳೆಗಾಲದಲ್ಲಿ ಮೂನ್ ಮತ್ತೆ ಉಕ್ಕಿತು. ಊರ ಮುಖಂಡ ನದಿ ದಂಡೆಯ ತೋಪಿಗೆ, ಊರು ಕಾಯುವ ಅಜ್ಜನ ಗುಡಿಗೆ ಓಡಿಹೋಗಿ, ಒಡ್ಡು ನಿಂತರೆ ಅಜ್ಜನಿಗೆ ಸಿನಿಮಾ ತೋರಿಸುತ್ತೇನೆಂದು ಹರಕೆ ಹೊತ್ತ. ಒಡ್ಡು ನಿಂತಿತು. ಯಾವ ಸಿನಿಮಾ ಎಂದು ಚರ್ಚೆಯೇ ಆಗಲಿಲ್ಲ. ಹಳೆಯ ಪ್ರತಿ ಎಂದೋ ಕೆಟ್ಟು ಅಂಟಂಟಾಗಿತ್ತು. ಹುಡುಕಿದಾಗ, ಬ್ಯಾಂಕಾಕಿನಲ್ಲಿ ಹಳೆಯ ಚಿತ್ರಗಳನ್ನು ಕಾಪಿಡುವ ಗೆಳೆಯರ ಬಳಗವೊಂದರ ಬಳಿ ತೊಳೆದು ಹೊಳಪು ಕೊಟ್ಟ ಹೊಸ ಪ್ರತಿ ಇದೆ ಎಂದು ತಿಳಿಯಿತು. ಅದನ್ನೂ, ಪಾತ್ರಗಳ ಮಾತನ್ನು ಅನುವಾದಿಸಿ ಬರೆದ ಹಾಳೆಗಳನ್ನೂ ಹಿಡಿದು ಬಂದವಳು ನಿಚಾ ಎಂಬ ಹುಡುಗಿ. ಕಣ್ಣಲ್ಲಿ ಸಿನಿಮಾದ ಮೇಲಿನ ಪ್ರೀತಿಯೇ ತುಂಬಿದವಳು. ಫಾಯಕ್ಕನ ದನಿಯನ್ನು ಧ್ವನಿಮುದ್ರಿಸಿ ಇಡಬೇಕೆಂಬುದು ಅವಳ ಆಸೆ. ಆದರೆ ಒಂದು ಕಟ್ಟಳೆ.

“ಚಿಕ್ಕಮ್ಮ, ಸಿನಿಮಾದವರು ಒಪ್ಪಿಗೆ ಕೊಟ್ಟಿರೋದೇ ಕಥೆ ಬದಲಾಯಿಸಲ್ಲ ಅನ್ನೋ ಷರತ್ತಿನ ಮೇಲೆ. ನಿಮ್ಮ ತಮಾಷೆಗೆ ಅಡ್ಡಿಯಿಲ್ಲ, ಮುಲಾಮೂ ಮಾರಿ. ಆದ್ರೆ ಯಾರು ಬದುಕ್ತಾರೆ, ಯಾರು ಸಾಯ್ತಾರೆ ಅನ್ನೋದು ಹಾಗೇ ಇರಬೇಕು. ನಾನು ಮಾತು ಕೊಟ್ಟು ಬಂದಿದೀನಿ.”

“ಮಾತು ಕೊಡೋದು ಅಂದ್ರೆ ಏನು ಅಂತ ನಂಗೂ ಗೊತ್ತು ಮಗಳೇ. ಸಿನಿಮಾ ಮುಗಿಯೋ ತನಕ ಒಂದಕ್ಷರ ಆಚೀಚೆ ಆಗಲ್ಲ,” ಎಂದಳು ಫಾಯಕ್ಕ. ಹೇಳಿದ ಮೇಲೆ ಕೇನ್ ನೆನಪಾದಳು. ಕೇನ್‌ಗೆ ಈಗ ಎಂಬತ್ತರ ಮೇಲೆ. ಕಣ್ಣು ಮಂಜಾಗಿ ಪರದೆಯೇ ಕಾಣುವುದಿಲ್ಲ. ಅವಳ ಪಾಲಿಗೆ ಸಿನಿಮಾ ಅಂದರೆ ಬರೀ ದನಿ.

ಪ್ರದಿತ್ ತನ್ನ ಸಂಕಟ ತೋಡಿಕೊಳ್ಳುತ್ತಾನೆ. ಅಂಗೈಯಗಲದ ಕಪ್ಪು ಪೆಟ್ಟಿಗೆಯನ್ನು ಅತ್ತಿತ್ತ ತಿರುಗಿಸಿ, “ಇದರಲ್ಲಿ ಪೂರಾ ಸಿನಿಮಾ ಇದೆಯಂತೆ ಫಾಯಕ್ಕ. ಅದಲುಬದಲು ಮಾಡೋಣ ಅಂದ್ರೆ ರೀಲೇ ಇಲ್ವಲ್ಲೇ! ಇವತ್ತು ಅವನು ಸತ್ತ,” ಎನ್ನುತ್ತಾನೆ.

“ಬಾಯಿ ಮುಚ್ಚು. ಪರದೆ ಬಿಗಿಯಾಗಿ ಕಟ್ಟು,” ಎನ್ನುತ್ತಾಳೆ ಅವಳು.

ಹೊತ್ತು ಮುಳುಗುತ್ತಿದ್ದಂತೆ ಬಯಲು ತುಂಬುತ್ತದೆ. ಚಾಪೆ, ಕುಟ್ಟಿದ ಪರಂಗಿಕಾಯಿ, ಸುಟ್ಟ ಕೋಳಿಯ ಘಮಲು. ಎಲ್ಲರಿಗಿಂತ ಮುಂದಿನ ಚಾಪೆ ಖಾಲಿ, ಅದು ಗುಡಿಯ ಅಜ್ಜನದು. ಅದರ ಪಕ್ಕದಲ್ಲೇ ಕೇನ್. ಪರದೆಯ ಕೆಳಗೆ ಭಾಷಾಂತರದ ಸಾಲು ಓಡಿಸಬಹುದಿತ್ತಲ್ಲ ಎಂದು ಯಾರೋ ಕೇಳಿದ್ದಕ್ಕೆ ಕೇನ್ ಉರಿದುಬೀಳುತ್ತಾಳೆ: “ನಮ್ಮಜ್ಜ ಯಾವ ಶಾಲೆಗೆ ಹೋಗಿದ್ದ ಓದೋಕೆ?”

ಫಾಯಕ್ಕ ಮೈಕಿನ ಮುಂದೆ ಹೂವು, ಊದುಬತ್ತಿ ಇಟ್ಟು, ಗುರು ವಿಚಾನರನ್ನು ನೆನೆದು ಕೈಮುಗಿಯುತ್ತಾಳೆ. ಮುಂದಿನ ಎರಡು ಗಂಟೆ ಅವಳು ಕಾಣುವುದಿಲ್ಲ, ರೈಲು ಮಾತ್ರ ಇದೆ. ವಿಧವೆ ಮೂಗೆಳೆಯುತ್ತಾಳೆ, ವೀಳ್ಯ ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳುತ್ತದೆ, ನಾಯಿಮರಿ ಕುಂಯ್‌ಗುಟ್ಟುತ್ತದೆ, ಗೊಗ್ಗರು ದನಿಯ ಮದುಮಗಳು “ಶೀತ ಕಣ್ರೀ” ಎಂದಾಗ ಬಯಲು ಬಿದ್ದು ಬಿದ್ದು ನಗುತ್ತದೆ. ನೀರು ಏರಿದಂತೆ ನಗು ಇಳಿಯುತ್ತದೆ. ಚಾಲಕ ಚಕ್ರಕ್ಕೆ ಕೈ ಹಾಕುತ್ತಾನೆ. “ನೀವು ಹೋಗಿ. ನೀರು ನಂಗೆ ಬಿಡಿ,” ಎನ್ನುತ್ತಾನೆ. ಅಲೆ ಅವನನ್ನು ಮುಚ್ಚುತ್ತದೆ.

ಜನ ಕಾಯುತ್ತಾರೆ. ಚಾಲಕ ಬರುವುದಿಲ್ಲ. ಬದುಕಿದವರು ಬಿಸಿಲಿಗೆ ಬರುತ್ತಾರೆ. ವಿಧವೆ ಕೋಟು ಕಳಚಿ ಅಳುತ್ತಾಳೆ, ಹಾಳೆಯಲ್ಲಿದ್ದಂತೆಯೇ, ಒಂದಕ್ಷರ ಆಚೀಚೆ ಇಲ್ಲದೆ. ಸ್ನಾನದ ಮಾತಿಲ್ಲ. ಬಯಲಲ್ಲಿ ಗುಸುಗುಸು ಏಳುತ್ತದೆ. ಕೇನ್ ಅನ್ನದ ಬುಟ್ಟಿಯನ್ನು ಮಡಿಲಲ್ಲಿ ಅವುಚಿಕೊಂಡು ತಲೆ ತಗ್ಗಿಸಿದ್ದಾಳೆ. ಅವಳನ್ನು ನೋಡಲಾಗದೆ ಪ್ರದಿತ್ ಮುಖ ತಿರುಗಿಸುತ್ತಾನೆ. ಪರದೆ ಕಪ್ಪಾಗಿ, ನಟರ ಹೆಸರುಗಳು ಸಾಲಾಗಿ ಮೇಲೇರತೊಡಗುತ್ತವೆ. ಸಿನಿಮಾ ಮುಗಿಯಿತು. ಕೆಲವರು ಚಾಪೆ ಸುತ್ತುತ್ತಾರೆ.

ಆಗ ಧ್ವನಿವರ್ಧಕದಲ್ಲಿ ಯಾರೋ ಕೆಮ್ಮುತ್ತಾರೆ. ನೀರು ಕುಡಿದವನ ಕೆಮ್ಮು.

“ಏಯ್... ಯಾರಾದ್ರೂ ಇದ್ದೀರೇನ್ರೋ? ಎಲ್ಲ ಮನೆಗೆ ಹೊರಟುಬಿಟ್ರಾ? ಒಂದು ಒಣ ಪಂಚೆ ಕೊಡಿ ಮಾರಾಯ್ರೇ, ಚಳಿ!”

ಚಾಪೆ ಸುತ್ತುತ್ತಿದ್ದವರು ತಿರುಗಿ ನೋಡುತ್ತಾರೆ. ಮರುಗಳಿಗೆ ಎದ್ದ ಕೂಗಿಗೆ ತೋಪಿನ ಹಕ್ಕಿಗಳೆಲ್ಲ ಹಾರುತ್ತವೆ. ಅದರ ನಡುವೆ ಕೇನ್ ಬುಟ್ಟಿ ಎತ್ತಿ ಹಿಡಿದು, ಸುಕ್ಕುಗಟ್ಟಿದ ದನಿಯಲ್ಲಿ ಕಿರುಚುತ್ತಾಳೆ: “ಇಷ್ಟು ಹೊತ್ತು ಎಲ್ಲಿ ಸತ್ತಿದ್ಯೋ? ಬಾ ಈಚೆ, ಅನ್ನ ಆರ್ತಾ ಇದೆ!”

“ಬಂದೆ ಕಣೇ, ಬಂದೆ,” ಎನ್ನುತ್ತದೆ ದನಿ. ಹೇಳುತ್ತಿರುವವಳ ಕೆನ್ನೆಯ ಮೇಲೆ ನೀರಿಳಿಯುತ್ತಿದೆ. ದನಿ ಮಾತ್ರ ಕದಲುವುದಿಲ್ಲ.

ನಿಚಾಳ ಕೈ ಧ್ವನಿಮುದ್ರಣ ಯಂತ್ರ ನಿಲ್ಲಿಸುವ ಗುಂಡಿಯ ಮೇಲಿದೆ, ಒತ್ತಿಲ್ಲ. “ಕಥೆ ಬದಲಾಯಿಸಲ್ಲ ಅಂದಿದ್ರಿ ಚಿಕ್ಕಮ್ಮ,” ಎನ್ನುತ್ತಾಳೆ.

“ಎಲ್ಲಿ ಬದಲಾಯಿಸ್ದೆ? ಸಿನಿಮಾ ಮುಗೀತಲ್ಲ. ಮುಗಿದ ಮೇಲೆ ಅವನು ಏನು ಮಾಡ್ದ ಅಂತ ನಿನ್ನ ಹಾಳೇಲಿ ಇತ್ತೇನು?”

ನಿಚಾ ತಡೆಯಲಾಗದೆ ನಕ್ಕುಬಿಡುತ್ತಾಳೆ. ಯಂತ್ರವನ್ನು ಆರಿಸದೆ ಕೇನ್‌ಳ ಚಾಪೆಯ ಕಡೆಗೆ ತಿರುಗಿಸಿ ಇಡುತ್ತಾಳೆ.

ಮರುದಿನ ಮತ್ತೆ ಮಂಜು, ಮತ್ತೆ ಗೊರ್ರೆನ್ನುವ ಕಂಬ. ಮೈಕು ಹಚ್ಚುವ ಮೊದಲು ಫಾಯಕ್ಕ ನಿನ್ನೆ ಉಳಿದ ಅಂಟಕ್ಕಿ ಅನ್ನದ ಒಂದು ಉಂಡೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಬಿದಿರು ಬುಟ್ಟಿ ಪಕ್ಕದಲ್ಲಿದೆ. “ಅವನ ಪಾಲಿನದು. ಇನ್ನೇನು ಬೇಕು ನಂಗೆ? ಈ ಕೇನಜ್ಜಿ ಇರೋ ತನಕ ಅವನ ಗಂಟಲು ಕೆಡದೆ ಇರಲಿ, ಸಾಕು,” ಎನ್ನುತ್ತಾಳೆ. ನುಂಗಿ, ಎದೆ ನೇರ ಮಾಡಿ, ಗುಂಡಿ ಒತ್ತುತ್ತಾಳೆ. ಊರ ಮೇಲೆ ಆ ಗೊಗ್ಗರು ದನಿ ಹರಡುತ್ತದೆ:

“ಏಳು ಗಂಟೆಗೆ ನಲ್ಲೀಲಿ ನೀರು ಬರುತ್ತೆ. ಚಕ್ರ ತಿರುಗಿಸೋನು ನಾನೇ. ಹೆದರಬೇಡಿ, ಕೊಡ ಇಟ್ಕೊಳ್ಳಿ.”