ಚುಕ್ಕೆ ಏಳದ ಹಾಳೆಗಳು

ಶಹಾಪುರದ ನಮ್ಮ ಮನೆಗೆ ಬ್ರೈಲ್ ಪ್ರಿಂಟರ್ ಬಂದ ದಿನ ಪಕ್ಕದ ಮನೆಯವರು ಗೋಡೆ ಗುದ್ದಿ, “ಹಿಟ್ಟಿನ ಗಿರಣಿ ಹಾಕೀರೇನ್ರಿ?” ಎಂದು ಕೂಗಿದ್ದರು. ಅಷ್ಟು ಸದ್ದು ಅದರದು. ದಪ್ಪ ಹಾಳೆಯನ್ನು ಚುಚ್ಚಿ ಚುಚ್ಚಿ, ಬೆರಳಿಗೆ ತಾಗುವಂಥ ಚುಕ್ಕೆಗಳನ್ನು ಎಬ್ಬಿಸುವ ಯಂತ್ರ. ನಾನು ಹುಟ್ಟುಕುರುಡಿ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಪಾಠವನ್ನು ಮನೆಯಲ್ಲಿ ಬೆರಳಿನಿಂದ ಓದಿಕೊಂಡು, ಅದೇ ಹಾಳೆಯನ್ನು ತರಗತಿಯ ಮೇಜಿನ ಮೇಲಿಟ್ಟು ಮಕ್ಕಳೆದುರು ಓದುವುದು ನನ್ನ ಪದ್ಧತಿ. ಬಾಯಿಪಾಠ ಒಪ್ಪಿಸುವ ಟೀಚರುಗಳನ್ನು ಕಂಡರೆ ನನಗಾಗುತ್ತಿರಲಿಲ್ಲ.

ಯಂತ್ರವಿದ್ದದ್ದು ಪಡಸಾಲೆಯಲ್ಲಿ, ನನ್ನ ಗಂಡನ ಕಂಪ್ಯೂಟರಿನ ಪಕ್ಕ. ಅವರು ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ಅಕ್ಷರಗಳನ್ನು ಓದಿ ಹೇಳುವ ನನ್ನ ಕಂಪ್ಯೂಟರ್ ಒಳಕೋಣೆಯಲ್ಲಿ. ಎರಡರ ನಡುವೆ ವೈರ್ ಎಳೆದು, ನಾನು ಒಳಗಿನಿಂದ ಕಳಿಸಿದ್ದು ಹೊರಗೆ ಅಚ್ಚಾಗುವಂತೆ ಅವರೇ ಮಾಡಿದರು. ಯಾರ್ಯಾರನ್ನೋ ಫೋನಿನಲ್ಲಿ ಕಾಡಿ ಬೇಡಿ ಕಲಿತ ವಿದ್ಯೆ ಅದು. ಒಮ್ಮೆ, ಯಾವ ಕಾಲುವೆಗೆ ಯಾವಾಗ ನೀರು ಎಂಬ ಅವರ ಆಫೀಸಿನ ನೋಟೀಸು ತಪ್ಪಿ ನನ್ನ ಯಂತ್ರಕ್ಕೆ ನುಗ್ಗಿ, ಹಾಳೆಗಟ್ಟಲೆ ಅರ್ಥವಿಲ್ಲದ ಚುಕ್ಕೆಯಾಗಿ ಬಂತು. “ತಗೋರಿ, ನೀವೇ ಓದಿ ಹೇಳ್ರಿ, ಭತ್ತಕ್ಕ ನೀರು ಯಾವಾಗ ಬಿಡ್ತೀರಿ?” ಎಂದು ಅವರ ಕೈಗೇ ಕೊಟ್ಟೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಪಠ್ಯಪುಸ್ತಕ ಬದಲಾದ ವರ್ಷ ಆ ನಗು ಹೋಯಿತು. ಶಾಲೆ ತೆರೆಯುವುದರೊಳಗೆ ಹೊಸ ಪಾಠಗಳನ್ನೆಲ್ಲ ಅಚ್ಚು ಹಾಕಿ ಓದಿಕೊಳ್ಳಬೇಕಿತ್ತು. ಓದದೆ ಯಾವ ಮುಖ ಹೊತ್ತು ತರಗತಿಗೆ ಹೋಗಲಿ? ಆದರೆ ಹಾಳೆಗಳಲ್ಲಿ ಚುಕ್ಕೆಗಳೇ ಏಳುತ್ತಿರಲಿಲ್ಲ. ಒಂದು ಸಾಲು ಮುಗಿಸುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು.

“ಎಲ್ಲಾ ನಿಮ್ಮ ಆ ಹಾಳ ವೈರಿಂದು. ಕಾಲುವಿ ತುದಿ ಹೊಲಕ್ಕ ನೀರು ಮುಟ್ಟೂದಿಲ್ಲಲ್ಲ, ಹಂಗ ಆಗ್ಯದ. ನಾ ಕಳಸೂದು ಪಡಸಾಲಿಗೆ ಮುಟ್ಟೂದ್ರಾಗ ಅರ್ಧ ಸೋರಿ ಹೋಗ್ತದ,” ಎಂದು ನಾನು ಕೂಗಾಡಿದೆ.

“ಅದೇನ್ ನೀರೇನ, ಸೋರಾಕ?” ಎಂದರು ಅವರು. ಆದರೂ ನನ್ನ ಸಮಾಧಾನಕ್ಕೆ ವೈರ್ ಬದಲಿಸಿದರು. ತಮ್ಮ ಕಂಪ್ಯೂಟರಿನಿಂದಲೇ ನೇರ ಅಚ್ಚು ಹಾಕಿದರು. ಯಾದಗಿರಿಯಿಂದ ಇನ್ನೂ ದಪ್ಪ ಹಾಳೆ ತಂದರು. ರಿಪೇರಿಯವನು ಬಂದು ಎಲ್ಲ ಬರಾಬರ್ ಇದೆ ಎಂದು ಹೋದ. ಹಾಳೆ ಮಾತ್ರ ಹಾಗೆಯೇ.

“ಚುಕ್ಕಿ ಛಂದ ಕಾಣಾಕತ್ತಾವಲ್ಲ,” ಎಂದು ಅವರು ಮೆಲ್ಲಗೆ ಅಂದರು.

“ನಿಮ್ಮ ಕಣ್ಣಿಗೆ ಕಂಡರ ನನಗೇನ್ ಬಂತ್ರಿ?” ಎಂದು ರೇಗಿ, ಕಪಾಟಿನಿಂದ ಒಂದು ಹಳೆಯ ಪಾಠದ ಹಾಳೆ ತೆಗೆದು ಗಡಗಡ ಓದಿ ತೋರಿಸಿದೆ. “ನೋಡ್ರಿ, ಇದು ಹೆಂಗ ಓದಾಕ ಬರ್ತದ! ತಪ್ಪು ನಿಮ್ಮ ಮಷೀನಿಂದ ಐತೋ, ನಂದೋ?” ಅವರು ಮತ್ತೆ ಯಂತ್ರ ಬಿಚ್ಚಲು ಕೂತರು. ಗೆದ್ದೆ ಎಂದುಕೊಂಡೆ.

ಸುರಪುರದಲ್ಲಿ ನನ್ನ ಗೆಳತಿಯೊಬ್ಬಳಿದ್ದಳು. ಅಂಧರ ಶಾಲೆಯಲ್ಲಿ ನನಗಿಂತ ಚಿಕ್ಕವಳು. ಅವಳೂ ಹುಟ್ಟುಕುರುಡಿ, ಅವಳೂ ಟೀಚರ್. ಸಾಕ್ಷಿ ಹೇಳಲು ಅವಳನ್ನೇ ಕರೆಸಿದೆ. ಬಸ್ಸಿಳಿದು ಬಂದವಳು ನೀರು ಕುಡಿದು ಹೊಸ ಹಾಳೆಯ ಮೇಲೆ ಕೈಯಿಟ್ಟಳು, ಒಂದು ಕಡೆಯೂ ತಡವರಿಸದೆ ಓದತೊಡಗಿದಳು.

“ಬೇಷ್ ಎದ್ದಾವಲ್ಲಕ್ಕಾ ಚುಕ್ಕಿ. ಏನಾಗ್ಯದ ಇದಕ್ಕ?”

ಮೈಯೆಲ್ಲ ಉರಿಯಿತು. ಇವಳೂ ಅವರ ಕಡೆಯೇ! ಹಳೆಯ ಪಾಠವನ್ನು ಮತ್ತೆ ಕಪಾಟಿನ ಅದೇ ಜಾಗದಿಂದ ಎಳೆದೆ. “ಇಲ್ಲಿ ಕೈ ಇಡು, ನಾ ಹೆಂಗ ಓದತೀನಿ ಕೇಳು,” ಎಂದು ಮೊದಲ ಸಾಲಿನಿಂದ ಶುರು ಮಾಡಿದೆ. ಅವಳ ಬೆರಳು ನನ್ನ ಬೆರಳಿನ ಹಿಂದೆಯೇ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತುಬಿಟ್ಟಿತು.

“ಅಕ್ಕಾ, ಇದು ಆ ಪಾಠ ಅಲ್ಲ.”

“ಮತ್ತ?”

“ಇದು ಬ್ಯಾರೆ ಅದ, ಪದ್ಯ. ನೀ ಹೇಳಾಕತ್ತಿದ್ದು ಇದರಾಗ ಒಂದು ಅಕ್ಷರ ಸೈತ ಇಲ್ಲ.”

ಹೊಸ ವೈರ್ ಹಾಕುವಾಗ ತಾವು ಕಪಾಟು ಸರಿಸಿದ್ದರಿಂದ ಕಟ್ಟುಗಳು ಅದಲುಬದಲಾಗಿರಬೇಕು ಎಂದು ನನ್ನ ಗಂಡ ಹೇಳಿದರು. ವರ್ಷಗಟ್ಟಲೆ ಕಲಿಸಿದ ಪಾಠ ಬಾಯಲ್ಲಿ ತಾನಾಗಿ ಬರುತ್ತಿತ್ತು, ಬೆರಳು ಸುಮ್ಮನೆ ಹಾಳೆಯ ಮೇಲೆ ಓಡುತ್ತಿತ್ತು. ಆ ಪದ್ಯವನ್ನು ಮತ್ತೆ ಮತ್ತೆ ಸವರಿದೆ. ಒಂದಕ್ಷರವೂ ಸಿಗಲಿಲ್ಲ. ಯಂತ್ರ ಸರಿಯಿತ್ತು, ವೈರ್ ಸರಿಯಿತ್ತು. ಅಯ್ಯೋ, ಸತ್ತಿದ್ದು ನನ್ನ ಬೆರಳು.

ಸಕ್ಕರೆ ಕಾಯಿಲೆ ನನಗೆ ಮೊದಲಿನಿಂದ ಇತ್ತು. ಕಾಲು ಜೋಮು ಹಿಡಿಯುತ್ತಿದ್ದುದೂ ಗೊತ್ತಿತ್ತು. ಯಾದಗಿರಿಯ ಡಾಕ್ಟರು ನನ್ನ ಒಂದೊಂದೇ ಬೆರಳನ್ನು ಏತರಿಂದಲೋ ಚುಚ್ಚುತ್ತ, “ಇಲ್ಲಿ? ಇಲ್ಲಿ?” ಎಂದು ಕೇಳಿದರು. ಸಕ್ಕರೆಯಿಂದ ನರ ಹಾಳಾಗಿವೆ, ಹೋದ ಸ್ಪರ್ಶ ಮರಳುವುದು ಕಷ್ಟ, ಉಳಿದದ್ದನ್ನು ಕಾಯ್ದುಕೊಳ್ಳಿ ಎಂದರು. ಉಳಿದದ್ದು ಏನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಗಂಡ ನನ್ನ ಕೈ ಹಿಡಿದುಕೊಂಡು ಕೂತಿದ್ದರು. “ಕಂಪ್ಯೂಟರ್ ಓದಿ ಹೇಳ್ತದಲ್ಲ, ಅದನ್ನ ಕೇಳಿ ಕಲಸಿದರಾತು. ಸಾಲಿ ಏನ್ ನಿಂದರೂದಿಲ್ಲ,” ಎಂದರು.

“ಅದು ಕೇಳೂದ್ರಿ, ಓದೂದಲ್ಲ,” ಎಂದೆ. ಅಳು ತಡೆಯಲಾಗಲಿಲ್ಲ, ಮಂದಿಯೆಲ್ಲ ಕೇಳಿಸಿಕೊಳ್ಳಲಿ ಎಂದು ಬಿಟ್ಟೆ. “ಕಣ್ಣು ಹೋದ್ವು ಅಂತ ಮಂದಿ ಅಳ್ತಾರಲ್ರಿ, ಅದು ಹೆಂಗಿರ್ತದ ಅಂತ ನನಗ ಇವತ್ತ ಗೊತ್ತಾತು.”