ಅತ್ತೆ ಕೇಳಿದ ಸಂಬಂಧ

ಕಗ್ಗದಾಸಪುರದ ಮನೆಗಳ ನಡುವೆ ಇನ್ನೂ ಅಲ್ಲಲ್ಲಿ ರಾಗಿ ಹೊಲ ಕಾಣುತ್ತಿದ್ದ ದಿನಗಳವು. ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ಅಪ್ಪ, ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವ್ವ, ಹತ್ತನೇ ತರಗತಿಯ ಅಕ್ಕ ಶರಣಮ್ಮ, ಏಳನೇ ತರಗತಿಯ ನಾನು, ಎಲ್ಲರಿಗೂ ಒಂದೇ ಶೀಟಿನ ಕೋಣೆ. ಒಳಗೆ ಕೂತರೆ ಕಾವು, ಹೊರಗೆ ಹೋದರೆ ಸಿಮೆಂಟಿನ ದೂಳು.

ಅಕ್ಕನ ಪರೀಕ್ಷೆ ಹತ್ತಿರ ಬಂದಾಗಲೇ ಊರಿನಿಂದ ಅತ್ತೆ ಬಂದಳು. ಅಪ್ಪನಿಗೆ ಒಬ್ಬಳೇ ತಂಗಿ. ಅವಳು ಚೀಲ ಬಿಚ್ಚಿದರೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ವಾಸನೆ ಕೋಣೆ ತುಂಬುತ್ತಿತ್ತು. ನನ್ನ ಜೊತೆ ಹುಣಸೆಬೀಜ ಹಾಕಿ ಚೌಕಾಬಾರ ಆಡುವಳು, ಸೋತರೆ ಚಿಕ್ಕ ಮಕ್ಕಳಂತೆ ಜಗಳ ತೆಗೆಯುವಳು. ಈ ಸಲ ಮಾತ್ರ ಆಟಕ್ಕೆ ಕೂರಲಿಲ್ಲ. ಅಪ್ಪ ಬೀಡಿ ಹಚ್ಚುವುದು, ಆರಿಸುವುದು, ಮತ್ತೆ ಹಚ್ಚುವುದು. ಅವ್ವ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು. ಏನೆಂದು ತಿಳಿಯದೆ ನನಗೂ ಚಡಪಡಿಕೆ.

ಮರುದಿನ ಬೆಳಗ್ಗೆ ಅಕ್ಕ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು ನನ್ನನ್ನು ಕೇಳಿದಳು: “ವ್ಯಾಸಕ್ಕೂ ತ್ರಿಜ್ಯಕ್ಕೂ ಏನು ಸಂಬಂಧ?”

ಹೊಸಿಲ ಮೇಲೆ ಎಲೆಅಡಿಕೆ ಹಾಕುತ್ತಿದ್ದ ಅತ್ತೆ ಗಕ್ಕನೆ ತಿರುಗಿದಳು. “ಸಂಬಂಧದ ಮಾತು ನಿಮ್ಮ ಮುಂದ ನಾ ಇನ್ನಾ ಬಾಯಿ ಬಿಟ್ಟೇ ಇಲ್ಲ. ನಿಮಗ್ಯಾರ ಹೇಳಿದ್ರು?”

ನಾನು ಕಿಸಕ್ಕನೆ ನಕ್ಕೆ. ಅಕ್ಕ ನಗಲಿಲ್ಲ. “ಇದು ಲೆಕ್ಕ, ಅತ್ತಿ. ನೀ ಯಾವ ಸಂಬಂಧ ಅಂತಿ?”

ಇನ್ನು ಮುಚ್ಚಿಡುವಂತಿರಲಿಲ್ಲ. ತನ್ನ ಮಗ ಮಲ್ಲಣ್ಣನಿಗೆ ಅಕ್ಕನನ್ನು ಕೇಳಲು ಬಂದಿದ್ದಳು ಅತ್ತೆ. “ಯುಗಾದಿ ಆದ ಮ್ಯಾಗ ಅಕ್ಕಿಕಾಳು ಹಾಕೋಣು. ನಾ ಏನು ಹೊರಗಿನಾಕೇನವ್ವ?”

ಅಪ್ಪ ನೆಲ ನೋಡಿದ. ತಂಗಿಗೆ ಇಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಅಕ್ಕ ಎದ್ದು ನಿಂತಳು. “ನಾ ಮುಂದ ಓದ್ತೀನಿ, ಅತ್ತಿ. ಈ ಲಗ್ನ ನನಗ ಬ್ಯಾಡ.”

“ಕೇಳಿದೇನು ಅಣ್ಣಾ, ನಿನ್ನ ಮಗಳ ಮಾತು?”

ಅಪ್ಪ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ ಹೇಳಿದ: “ಆಕಿ ಮಾತೇ ನನ್ನ ಮಾತು, ತಂಗಿ.”

ಅತ್ತೆ ಊಟ ಮಾಡದೆ ಹೊರಟಳು. ನಾನು ಲಂಗ ಎತ್ತಿ ಹಿಡಿದು ಬಸ್‌ಸ್ಟಾಪಿನವರೆಗೂ ಹಿಂದೆ ಓಡಿದೆ. “ಪಂಚಮಿ ಹಬ್ಬಕ್ಕ ಬರ್ತಿ ಅಲ್ಲ, ಅತ್ತಿ?” ಅವಳು ನನ್ನ ಕೆನ್ನೆ ಸವರಿದಳು, ಬಸ್ ಹತ್ತಿದಳು.

ಅಕ್ಕ ಪಾಸಾದಳು, ಓದಿ ನರ್ಸ್ ಆದಳು. ಅವಳು ಅಂದದ್ದು ಸರಿಯೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅತ್ತೆ ಮತ್ತೆ ಬರಲಿಲ್ಲ. ಅಪ್ಪ ಊರಿಗೆ ಹೋದಾಗೆಲ್ಲ ಅವಳ ಬಾಗಿಲಲ್ಲಿ ನಿಂತು, ಅವಳು ಒಳಗೆ ಕರೆಯದಿದ್ದುದಕ್ಕೆ ಹಾಗೇ ವಾಪಸು ಬರುತ್ತಿದ್ದ. ನಮ್ಮೆದುರು ಆ ಮಾತನ್ನೇ ಎತ್ತುತ್ತಿರಲಿಲ್ಲ.

ಅವನು ಎಷ್ಟು ಕಳೆದುಕೊಂಡಿದ್ದ ಎಂದು ತಿಳಿದದ್ದು ಕೊನೆಯ ಜ್ವರದಲ್ಲಿ. ಆರೈಕೆ ಮಾಡುತ್ತಿದ್ದ ಅಕ್ಕನನ್ನೇ ನೋಡಿ, “ಬಂದೇನವ್ವಾ ತಂಗಿ?” ಎನ್ನುತ್ತಿದ್ದ.

“ಹೂಂ ಅಣ್ಣಾ, ಬಂದೀನಿ” ಎನ್ನುತ್ತಿದ್ದಳು ಅಕ್ಕ.